ರದ್ದಿಗೆ ಹೋಗಬೇಕಿದ್ದ ಪತ್ರಿಕೆಗಳೇ ಗುರು: ವ್ಯಾನ್ ಗೋ ಕೂಡಿಟ್ಟ ಚಿತ್ರಗಳ ಕಥೆ

ವಿನ್ಸೆಂಟ್ ವ್ಯಾನ್ ಗೋ ಅಂದ ಕೂಡಲೇ ಜನರಿಗೆ ನೆನಪಾಗೋದು ಎರಡೇ ಸಂಗತಿ. ಒಂದು, ಹೂದಾನಿಯಲ್ಲಿಟ್ಟ ಸೂರ್ಯಕಾಂತಿ ಹೂಗಳು. ಇನ್ನೊಂದು, ಅವನೇ ಕೊಯ್ದುಕೊಂಡ ಕಿವಿ. ಬಡತನ, ಹುಚ್ಚು, ಆತ್ಮಹತ್ಯೆ, ಸತ್ತ ಮೇಲೆ ಕೋಟಿ ಕೋಟಿ ಬೆಲೆ. ಈ ಕಥೆ ಎಲ್ಲರೂ ಕೇಳಿದ್ದೇ.

ಆದರೆ ಆತನಿಗೆ ಇನ್ನೊಂದು ಹುಚ್ಚು ಇತ್ತು ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಹಳೇ ಸಚಿತ್ರ ವಾರಪತ್ರಿಕೆಗಳನ್ನು ಹುಡುಕಿ ತರೋದು, ಅದರೊಳಗಿನ ಚಿತ್ರ ಕತ್ತರಿಸೋದು, ದಪ್ಪ ಕಾಗದಕ್ಕೆ ಅಂಟಿಸಿ ಜೋಪಾನ ಮಾಡೋದು. ಮನೆಯಲ್ಲಿ ಊಟಕ್ಕೆ ಕಷ್ಟ ಇದ್ದಾಗಲೂ ಈ ಕೆಲಸ ನಿಲ್ಲಲಿಲ್ಲ. ಇಂದು ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂನಲ್ಲಿ ಆತ ಕೂಡಿಟ್ಟ ಇಂಥ ಸುಮಾರು 1,400 ಪತ್ರಿಕಾ ಚಿತ್ರಗಳಿವೆ.

ಆತ ಯಾಕೆ ಇಷ್ಟೆಲ್ಲ ಕೂಡಿಟ್ಟ? ಅದರಿಂದ ಆತನಿಗೆ ಸಿಕ್ಕಿದ್ದೇನು? ಆ ಕಥೆ ಇಲ್ಲಿದೆ.

ಕಿಟಕಿ ಮುಂದೆ ನಿಂತ ಹುಡುಗ

ವಿನ್ಸೆಂಟ್ ಹುಟ್ಟಿದ್ದು 1853ರ ಮಾರ್ಚ್ 30ರಂದು, ನೆದರ್ಲೆಂಡ್ಸ್‌ನ ಜುಂಡರ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ಚರ್ಚಿನ ಪಾದ್ರಿ. ಮಕ್ಕಳಲ್ಲಿ ಬದುಕುಳಿದ ಹಿರಿಯ ಈತನೇ. ನಾಲ್ಕು ವರ್ಷ ಚಿಕ್ಕವನಾದ ತಮ್ಮ ಥಿಯೋ ಮುಂದೆ ಅಣ್ಣನ ಪಾಲಿಗೆ ಬ್ಯಾಂಕೂ ಆದ, ಗೆಳೆಯನೂ ಆದ.

ಶಾಲೆಯ ಓದು ಅರ್ಧಕ್ಕೇ ನಿಂತಿತು. 1868ರಲ್ಲಿ ಟಿಲ್‌ಬರ್ಗ್ ಊರಿನ ಶಾಲೆ ಬಿಟ್ಟು ಮನೆಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಮುಂದಿನ ವರ್ಷ, 16ನೇ ವಯಸ್ಸಿಗೆ, ಚಿಕ್ಕಪ್ಪನ ವಶೀಲಿಯಿಂದ ಹೇಗ್ ನಗರದ ಗೂಪಿಲ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದು ಚಿತ್ರ ಮಾರುವ ಕಂಪನಿ. ದೊಡ್ಡ ಕಲಾವಿದರ ಮೂಲಚಿತ್ರಗಳ ಜೊತೆಗೆ ಅವುಗಳ ಅಚ್ಚು ಪ್ರತಿಗಳನ್ನೂ ಮಾರುತ್ತಿತ್ತು. ಹಾಗಾಗಿ ಕುಂಚ ಹಿಡಿಯೋ ಮೊದಲೇ ಸಾವಿರಾರು ಅಚ್ಚು ಚಿತ್ರಗಳು ಈ ಹುಡುಗನ ಕೈ ಮೇಲೆ ಹಾದುಹೋದವು.

1873ರಲ್ಲಿ ಕಂಪನಿ ಆತನನ್ನು ಲಂಡನ್ ಶಾಖೆಗೆ ಕಳಿಸಿತು. ಆಗ ವಯಸ್ಸು 20. ಹೊಸ ಊರು, ಹೊಸ ಭಾಷೆ. ಅಲ್ಲಿ ವಾರಕ್ಕೊಮ್ಮೆ ತಪ್ಪದೇ ಮಾಡುತ್ತಿದ್ದ ಒಂದು ಕೆಲಸ ಅಂದರೆ 'ದಿ ಗ್ರಾಫಿಕ್' ಮತ್ತು 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಗಳ ಕಚೇರಿಯ ಗಾಜಿನ ಕಿಟಕಿ ಮುಂದೆ ಹೋಗಿ ನಿಲ್ಲೋದು. ಹೊಸ ಸಂಚಿಕೆಯ ಪುಟಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಡುತ್ತಿದ್ದರು. ಆ ಕಿಟಕಿಯಲ್ಲಿ ಕಂಡ ಚಿತ್ರಗಳು ಹತ್ತು ವರ್ಷ ಕಳೆದರೂ ಆತನ ತಲೆಯಿಂದ ಹೋಗಲಿಲ್ಲ.

ಮರದ ಅಚ್ಚಿನ ಕಾಲ

ಈಗ ಮೊಬೈಲ್‌ನಲ್ಲಿ ಕ್ಷಣಕ್ಕೊಂದು ಫೋಟೋ ನೋಡುವವರಿಗೆ ಆ ಪತ್ರಿಕೆಗಳ ಮಹತ್ವ ತಟ್ಟನೆ ಅರ್ಥವಾಗಲಿಕ್ಕಿಲ್ಲ. ಆ ದಿನಗಳಲ್ಲಿ ಫೋಟೋ ತೆಗೆಯೋದು ಗೊತ್ತಿತ್ತು, ಆದರೆ ಅಕ್ಷರದ ಜೊತೆಗೆ ಅದೇ ಪುಟದಲ್ಲಿ ಫೋಟೋ ಅಚ್ಚು ಹಾಕೋ ವಿದ್ಯೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಸುದ್ದಿಗೆ ಚಿತ್ರ ಬೇಕು ಅಂದರೆ ಯಾರಾದರೂ ಕೈಯಿಂದ ಬರೆಯಲೇಬೇಕಿತ್ತು.

ಬಾಕ್ಸ್‌ವುಡ್ ಅನ್ನೋ ಗಟ್ಟಿ ಮರದ ಹಲಗೆ ಮೇಲೆ ಕಲಾವಿದ ಚಿತ್ರ ಬರೆಯುತ್ತಿದ್ದ. ಆ ಮರದ ಕಾಂಡ ತೆಳ್ಳಗಿರೋದರಿಂದ ದೊಡ್ಡ ಹಲಗೆ ಸಿಗುತ್ತಿರಲಿಲ್ಲ. ಸಣ್ಣ ಸಣ್ಣ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ ದೊಡ್ಡದು ಮಾಡುತ್ತಿದ್ದರು. ಅವಸರದ ಸುದ್ದಿಯಾದರೆ ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನ ಕೈಗೆ ಒಂದೊಂದು ಕೊಡುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಪಾಲು ಕೆತ್ತಿದ ಮೇಲೆ ಮತ್ತೆ ಜೋಡಿಸಿ, ಅಕ್ಷರದ ಮೊಳೆಗಳ ಪಕ್ಕದಲ್ಲೇ ಇಟ್ಟು ಅಚ್ಚು ಹಾಕುತ್ತಿದ್ದರು.

'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಶುರುವಾಗಿದ್ದು 1842ರಲ್ಲಿ. 'ದಿ ಗ್ರಾಫಿಕ್' 1869ರ ಡಿಸೆಂಬರ್ 4ರಂದು. ಗ್ರಾಫಿಕ್ ಹುಟ್ಟುಹಾಕಿದ ವಿಲಿಯಂ ಲೂಸನ್ ಥಾಮಸ್ ಸ್ವತಃ ಮರದ ಅಚ್ಚು ಕೆತ್ತುವ ಕಸುಬಿನವನು. ಒಳ್ಳೆಯ ಕಲಾವಿದರನ್ನು ಕರೆದು, ಅವರಿಗೆ ಇಷ್ಟ ಬಂದ ವಿಷಯ ಬರೆಯಲು ಬಿಟ್ಟ. ಪರಿಣಾಮ, ರಾಜ ರಾಣಿಯರ ಮೆರವಣಿಗೆ ಜೊತೆಗೆ ಲಂಡನ್ ಬೀದಿಯ ಬಡವರೂ ಪುಟದ ಮೇಲೆ ಬಂದರು.

ಮೊದಲ ಸಂಚಿಕೆಯಲ್ಲೇ ಲೂಕ್ ಫಿಲ್ಡ್ಸ್ ಎಂಬ ಯುವ ಕಲಾವಿದನ ಚಿತ್ರವೊಂದಿತ್ತು. ಚಳಿಯ ರಾತ್ರಿ, ಮನೆಯಿಲ್ಲದ ಗಂಡಸರು, ಹೆಂಗಸರು, ಮಕ್ಕಳು ಗೋಡೆಗೊರಗಿ ಸಾಲು ನಿಂತಿದ್ದಾರೆ. ಒಂದು ರಾತ್ರಿ ಮಲಗಲು ಅನಾಥಾಲಯದ ಚೀಟಿಗಾಗಿ ಕಾಯುತ್ತಿದ್ದಾರೆ. ಇಂಥ ಚಿತ್ರಗಳೇ ವಿನ್ಸೆಂಟ್‌ನನ್ನು ಹಿಡಿದು ನಿಲ್ಲಿಸಿದ್ದು.

ಎಲ್ಲಾ ಕಡೆ ಸೋಲು

ಲಂಡನ್ ನಂತರ ಪ್ಯಾರಿಸ್ ಶಾಖೆ. ಆದರೆ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ. 1876ರಲ್ಲಿ ಕಂಪನಿ ಕೆಲಸದಿಂದ ತೆಗೆಯಿತು. ಇಂಗ್ಲೆಂಡಿಗೆ ವಾಪಸ್ ಹೋಗಿ ಸಣ್ಣ ಶಾಲೆಗಳಲ್ಲಿ ಮೇಷ್ಟ್ರಾದ. ಅದೂ ಆಗಲಿಲ್ಲ. ಡಾರ್ಡ್ರೆಕ್ಟ್ ಊರಿನ ಪುಸ್ತಕದಂಗಡಿಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ. ಪಾದ್ರಿಯಾಗಬೇಕು ಅಂತ ಆಮ್‌ಸ್ಟರ್‌ಡ್ಯಾಮ್‌ಗೆ ಓದಲು ಹೋದ, ಅದನ್ನೂ ಅರ್ಧಕ್ಕೆ ಬಿಟ್ಟ.

ಕೊನೆಗೆ ಬೆಲ್ಜಿಯಂನ ಬೋರಿನಾಜ್ ಕಲ್ಲಿದ್ದಲು ಗಣಿ ಪ್ರದೇಶಕ್ಕೆ ಧರ್ಮಪ್ರಚಾರಕನಾಗಿ ಹೋದ. ಅಲ್ಲಿ ಇದ್ದ ಬಟ್ಟೆಬರೆ ಗಣಿ ಕೂಲಿಗಳಿಗೆ ಕೊಟ್ಟು ತಾನೂ ಅವರಂತೆಯೇ ಬದುಕಿದ. ಕಳಿಸಿದ ಚರ್ಚಿನವರಿಗೇ ಇದು ಅತಿಯಾಯಿತು ಅನ್ನಿಸಿತು. ಅವಧಿ ಮುಂದುವರಿಸಲಿಲ್ಲ.

27 ವರ್ಷ ಆಗಿತ್ತು. ಕೈಯಲ್ಲಿ ಕೆಲಸವಿಲ್ಲ, ಮನೆಯವರಿಗೆ ಭರವಸೆಯಿಲ್ಲ. ಅದೇ 1880ರಲ್ಲಿ ತಾನು ಚಿತ್ರಕಾರ ಆಗ್ತೀನಿ ಅಂತ ನಿರ್ಧರಿಸಿದ. ಥಿಯೋ ಅಷ್ಟರಲ್ಲಿ ಅದೇ ಗೂಪಿಲ್ ಕಂಪನಿಯಲ್ಲಿ ನೆಲೆ ನಿಂತಿದ್ದ. ಅಣ್ಣನ ಖರ್ಚು ತಾನು ನೋಡಿಕೊಳ್ಳಲು ಮುಂದಾದ.

ಆದರೆ ಒಂದು ಮಾತು ಗಮನಿಸಬೇಕು. ಆಗ ವಿನ್ಸೆಂಟ್ ಕಂಡ ಕನಸು ಮ್ಯೂಸಿಯಂನಲ್ಲಿ ತೂಗುಹಾಕುವ ತೈಲಚಿತ್ರದ್ದಲ್ಲ. ಪತ್ರಿಕೆಗೆ ಚಿತ್ರ ಬರೆದು ತನ್ನ ಅನ್ನ ತಾನು ದುಡಿಯಬೇಕು, ಇಂಗ್ಲೆಂಡಿಗೆ ಹೋಗಿ ಗ್ರಾಫಿಕ್‌ನಂಥ ಪತ್ರಿಕೆಯಲ್ಲಿ ಕೆಲಸ ಹಿಡಿಯಬೇಕು ಅನ್ನೋದು ಆತನ ಆಸೆಯಾಗಿತ್ತು.

ಹೇಗ್ ನಗರದ ಬಾಡಿಗೆ ಮನೆ

1881ರ ಕೊನೆಗೆ ವಿನ್ಸೆಂಟ್ ಹೇಗ್‌ಗೆ ಬಂದು ನೆಲೆಸಿದ. ಅಲ್ಲಿ ಸಿಯೆನ್ ಎಂಬ ಬಡ ಹೆಣ್ಣುಮಗಳು ಸಿಕ್ಕಳು. ಬೀದಿಯಲ್ಲಿ ಮೈ ಮಾರಿಕೊಂಡು ಬದುಕುತ್ತಿದ್ದವಳು, ತುಂಬು ಬಸುರಿ, ಜೊತೆಗೊಬ್ಬ ಮಗಳು. ಬಂಧುಗಳು ಎಷ್ಟು ಬೈದರೂ ಕೇಳದೆ ಆಕೆಯನ್ನು ಮನೆಗೆ ಕರೆತಂದ. 1882ರ ಜುಲೈನಲ್ಲಿ ಆಕೆಗೆ ಗಂಡು ಮಗು ಹುಟ್ಟಿತು. ಮನೆಯಲ್ಲಿ ನಾಲ್ಕು ಹೊಟ್ಟೆ. ಬರುತ್ತಿದ್ದುದು ಥಿಯೋ ಕಳಿಸುವ ತಿಂಗಳಿಗೆ ಸುಮಾರು 150 ಫ್ರಾಂಕ್ ಮಾತ್ರ. ಅದರಲ್ಲೇ ಬಾಡಿಗೆ, ಊಟ, ಕಾಗದ, ಬಣ್ಣ, ರೂಪದರ್ಶಿಗಳ ಕೂಲಿ.

ಅದರಲ್ಲೇ ಹಳೇ ಪತ್ರಿಕೆಗಳೂ.

ಹೇಗ್‌ನ ಹಳೇ ಪುಸ್ತಕದಂಗಡಿಗಳಲ್ಲಿ ಆತ ಬಿಡಿ ಸಂಚಿಕೆಗಳನ್ನು ತಡಕುತ್ತಿದ್ದ. ಗ್ರಾಫಿಕ್, ಲಂಡನ್ ನ್ಯೂಸ್, ಫ್ರೆಂಚ್ ಪತ್ರಿಕೆ 'ಲಿಲ್ಲುಸ್ತ್ರಾಸಿಯಾಂ' ಹೀಗೆ ಸಿಕ್ಕಿದ್ದೆಲ್ಲ ಬೇಕು. ಜೊತೆಗಾರನಾಗಿ ಇದ್ದವನು ಆಂಟನ್ ವಾನ್ ರಾಪಾರ್ಡ್ ಎಂಬ ಗೆಳೆಯ, ಆತನೂ ಚಿತ್ರಕಾರ, ಅನುಕೂಲಸ್ಥರ ಮನೆ ಹುಡುಗ. ಇಬ್ಬರೂ ಇದೇ ಹುಚ್ಚಿಗೆ ಬಿದ್ದವರು. ತಮ್ಮಲ್ಲಿ ಎರಡೆರಡು ಪ್ರತಿ ಇರುವ ಚಿತ್ರಗಳ ಪಟ್ಟಿ ಬರೆದು ಟಪಾಲಿಗೆ ಹಾಕುತ್ತಿದ್ದರು. ನಿನ್ನಲ್ಲಿ ಇಲ್ಲದ್ದು ನಾನು ಕೊಡ್ತೀನಿ, ನನ್ನಲ್ಲಿ ಇಲ್ಲದ್ದು ನೀನು ಕೊಡು ಅನ್ನೋ ಲೆಕ್ಕ.

1883ರ ಜನವರಿಯಲ್ಲಿ ವಿನ್ಸೆಂಟ್‌ಗೆ ಲಾಟರಿ ಹೊಡೆದಂತಾಯಿತು. 1870ರಿಂದ 1880ರವರೆಗಿನ ಗ್ರಾಫಿಕ್ ಪತ್ರಿಕೆಯ ಬೈಂಡ್ ಮಾಡಿದ 21 ಸಂಪುಟಗಳು ಒಟ್ಟಿಗೇ ಅಗ್ಗಕ್ಕೆ ಸಿಕ್ಕವು. ಹತ್ತು ವರ್ಷದ ಹಿಂದೆ ಲಂಡನ್‌ನಲ್ಲಿ ಗಾಜಿನ ಆಚೆಯಿಂದ ನೋಡಿದ್ದ ಪುಟಗಳು ಈಗ ಸ್ವಂತದ್ದಾದವು. ದುಡ್ಡು ಮಾತ್ರ ತಮ್ಮನದು, ಅವನಿಗೆ ಲೆಕ್ಕ ಒಪ್ಪಿಸಬೇಕಿತ್ತು. ಹಸಿದ ಮಕ್ಕಳಿರೋ ಮನೆಗೆ ಹಳೇ ಪೇಪರ್ ಹೊತ್ತು ತಂದವನನ್ನು ಯಾರಾದರೂ ಬೈದರೆ ಅದು ತಪ್ಪು ಅನ್ನೋಕಾಗಲ್ಲ. ಆದರೆ ಆತನಿಗೆ ಕಲಾಶಾಲೆ ಇರಲಿಲ್ಲ. ಆ 21 ಸಂಪುಟಗಳೇ ಶಾಲೆ.

ಪುಟಗಳನ್ನು ಬಿಡಿಸಿ, ಚಿತ್ರ ಕತ್ತರಿಸಿ, ದಪ್ಪ ಹಾಳೆಗೆ ಅಂಟಿಸಿ, ಕಲಾವಿದರ ಹೆಸರಿನ ಪ್ರಕಾರ ವಿಂಗಡಿಸಿ ಇಟ್ಟ. ಸಂಗ್ರಹ ಪ್ರಿಯರು ಬೈಂಡ್ ಒಡೆದಿದ್ದಕ್ಕೆ ಹೊಟ್ಟೆ ಉರಿದುಕೊಳ್ಳಬಹುದು. ಆದರೆ ವಿನ್ಸೆಂಟ್‌ಗೆ ಅದು ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ, ಮೇಜಿನ ಮೇಲೆ ಹರಡಿಕೊಂಡು ಕಲಿಯುವ ಪಾಠ.

ಕಲಿತಿದ್ದು ಏನು?

ಆ ಕಾಲದ ಎಷ್ಟೋ ಚಿತ್ರಕಾರರು ಪತ್ರಿಕೆಗೆ ಬರೆಯೋರನ್ನು ಕೀಳಾಗಿ ಕಾಣುತ್ತಿದ್ದರು. ವಾರ ಕಳೆದರೆ ಕಸಕ್ಕೆ ಹೋಗೋ ಚಿತ್ರ ಅನ್ನೋ ತಾತ್ಸಾರ. ವಿನ್ಸೆಂಟ್ ಮಾತ್ರ ಲೂಕ್ ಫಿಲ್ಡ್ಸ್, ಹ್ಯೂಬರ್ಟ್ ಹರ್ಕೋಮರ್, ಫ್ರಾಂಕ್ ಹಾಲ್ ಮೊದಲಾದವರನ್ನು ದೊಡ್ಡ ಕಲಾವಿದರ ಸಾಲಿನಲ್ಲೇ ಇಟ್ಟು ನೋಡಿದ. ಒಂದೇ ಬಣ್ಣದ ಮಸಿಯಲ್ಲಿ ಒಬ್ಬ ಮುದುಕನ ಬೆನ್ನು, ಒಬ್ಬ ತಾಯಿಯ ದಣಿವು, ಒಂದು ಹರಿದ ಕೋಟು ಹೇಗೆ ತೋರಿಸಬಹುದು ಅಂತ ಅವರಿಂದ ಕಲಿತ.

ಆತನ ಆಗಿನ ಚಿತ್ರಗಳನ್ನು ನೋಡಿದರೆ ಇದು ಗೊತ್ತಾಗುತ್ತೆ. 1882ರಲ್ಲಿ ಸರ್ಕಾರಿ ಲಾಟರಿ ಕಚೇರಿ ಮುಂದೆ ಕಾಯುವ ಬಡವರ ಗುಂಪು ಬರೆದ. 1883ರಲ್ಲಿ ಗಂಜಿ ಕೇಂದ್ರದಲ್ಲಿ ಸೂಪಿಗಾಗಿ ನಿಂತವರನ್ನು ಬರೆದ. ಗ್ರಾಫಿಕ್‌ನಲ್ಲಿ ದುಡಿಯುವ ಜನರ ಮುಖಗಳ ಸರಣಿ ಬಂದಿತ್ತು. ಅದೇ ಜಾಡಿನಲ್ಲಿ ಮೀನುಗಾರರ, ಮುದುಕರ ಮುಖಗಳನ್ನು ತಾನೂ ಬರೆದ.

1882ರ ನವೆಂಬರ್‌ನಲ್ಲಿ ಆತ ಕಲ್ಲಚ್ಚಿನ ಪ್ರಯೋಗಕ್ಕೆ ಕೈ ಹಾಕಿದ. ಕೂಲಿಕಾರರ, ರೈತರ ಮನೆಗೂ ತಲುಪುವಂಥ ಅಗ್ಗದ ಚಿತ್ರ ಮಾಡಬೇಕು ಅನ್ನೋದು ಯೋಜನೆ. ವೃದ್ಧಾಶ್ರಮದ ಒಬ್ಬ ಅಜ್ಜನನ್ನು ಕೂರಿಸಿ, ಕುರ್ಚಿ ಮೇಲೆ ತಲೆ ಕೈಯಲ್ಲಿ ಹುದುಗಿಸಿಕೊಂಡು ಕೂತ ಮುದುಕನ ಚಿತ್ರ ಅಚ್ಚು ಹಾಕಿಸಿದ. ಇದೇ ಅಜ್ಜನ ಇನ್ನೊಂದು ಚಿತ್ರದ ಕಲ್ಲು ನೋಡಿದ ಛಾಪಖಾನೆ ಕೆಲಸಗಾರರು, ಗೋಡೆಗೆ ಹಾಕಿಕೊಳ್ಳಲು ನಮಗೂ ಒಂದು ಪ್ರತಿ ಸಿಗುತ್ತಾ ಅಂತ ವಿಚಾರಿಸಿದರು. ಸುದ್ದಿ ಕೇಳಿ ವಿನ್ಸೆಂಟ್‌ಗೆ ಹಿಡಿಸಲಾರದ ಖುಷಿ. ತಾನು ಯಾರಿಗಾಗಿ ಬರೆಯಬೇಕು ಅಂದುಕೊಂಡಿದ್ದನೋ ಅವರೇ ಕೇಳಿದ್ದರು.

ಆದರೆ ಯೋಜನೆ ಮುಂದೆ ಸಾಗಲಿಲ್ಲ. ದುಡ್ಡಿರಲಿಲ್ಲ. ಇಂಗ್ಲೆಂಡಿನ ಪತ್ರಿಕೆ ಕೆಲಸವೂ ಕನಸಾಗಿಯೇ ಉಳಿಯಿತು. ಗ್ರಾಫಿಕ್ ಕೂಡ ಮೊದಲಿನ ಹಾಗೆ ಉಳಿದಿಲ್ಲ ಅನ್ನೋ ಬೇಸರ ಆತನಿಗೆ ಆಗಲೇ ಶುರುವಾಗಿತ್ತು.

1883ರ ಸೆಪ್ಟೆಂಬರ್‌ನಲ್ಲಿ ಸಿಯೆನ್ ಜೊತೆಗಿನ ಸಂಸಾರವೂ ಮುರಿಯಿತು. ವಿನ್ಸೆಂಟ್ ಕೊನೆಗೆ ಅಪ್ಪ ಅಮ್ಮ ಇದ್ದ ನ್ಯೂನೆನ್ ಹಳ್ಳಿಗೆ ವಾಪಸ್ ಬಂದ. 1885ರಲ್ಲಿ ಅಲ್ಲೇ ಬರೆದದ್ದು 'ಆಲೂಗಡ್ಡೆ ತಿನ್ನುವವರು'. ದೀಪದ ಬೆಳಕಲ್ಲಿ ಕೂತ ರೈತ ಕುಟುಂಬ, ಗಂಟು ಗಂಟಾದ ಕೈಗಳು. ಅದರ ಕಲ್ಲಚ್ಚು ಪ್ರತಿಯನ್ನು ರಾಪಾರ್ಡ್‌ಗೆ ಕಳಿಸಿದಾಗ ಆತ ತೀರಾ ಕಟುವಾಗಿ ಟೀಕಿಸಿದ. ವಿನ್ಸೆಂಟ್‌ಗೆ ತಡೆಯಲಾಗಲಿಲ್ಲ. ಹಳೇ ಪತ್ರಿಕೆಗಳು ಗಟ್ಟಿ ಮಾಡಿದ್ದ ಸ್ನೇಹ ಒಂದು ಅಚ್ಚು ಚಿತ್ರದಿಂದಲೇ ಮುರಿದುಬಿತ್ತು.

ಒಂದು ಮುಖಪುಟದ ಮಹಿಮೆ

1886ರಲ್ಲಿ ವಿನ್ಸೆಂಟ್ ಪ್ಯಾರಿಸ್‌ಗೆ ಬಂದು ಥಿಯೋ ಮನೆ ಸೇರಿದ. ಅಲ್ಲಿ ಜಪಾನಿನ ಬಣ್ಣದ ಅಚ್ಚು ಚಿತ್ರಗಳ ಮೋಹ ಹತ್ತಿತು. ವ್ಯಾಪಾರಿ ಸೀಗ್‌ಫ್ರೀಡ್ ಬಿಂಗ್ ಅಂಗಡಿಯಿಂದ ಒಂದೇ ಚಳಿಗಾಲದಲ್ಲಿ ಸುಮಾರು 660 ಚಿತ್ರ ಕೊಂಡ. ಮಾರಿ ದುಡ್ಡು ಮಾಡೋಣ ಅಂತ ಒಂದು ಕೆಫೆಯಲ್ಲಿ ಪ್ರದರ್ಶನವನ್ನೂ ಇಟ್ಟ. ವ್ಯಾಪಾರ ಆಗಲಿಲ್ಲ. ಚಿತ್ರಗಳು ಉಳಿದವು, ಬಣ್ಣದ ಪಾಠ ಸಿಕ್ಕಿತು.

ಅದೇ ವರ್ಷ ಮೇ ತಿಂಗಳಲ್ಲಿ 'ಪಾರಿ ಇಲ್ಲುಸ್ತ್ರೆ' ಎಂಬ ಫ್ರೆಂಚ್ ಪತ್ರಿಕೆ ಜಪಾನ್ ವಿಶೇಷ ಸಂಚಿಕೆ ತಂದಿತ್ತು. ಮುಖಪುಟದಲ್ಲಿ ಕೈಸಾಯ್ ಐಸೆನ್ ಎಂಬ ಜಪಾನಿ ಕಲಾವಿದನ ಚಿತ್ರ. ಭಾರೀ ಕಿಮೋನೋ ತೊಟ್ಟು, ತಲೆ ತುಂಬಾ ಕಡ್ಡಿ ಸಿಕ್ಕಿಸಿಕೊಂಡು, ಹೊರಳಿ ನೋಡುವ ಗಣಿಕೆ. ಆ ಒಂದು ಮುಖಪುಟ ವಿನ್ಸೆಂಟ್‌ನನ್ನು ಬಿಡಲಿಲ್ಲ.

ಪಾರದರ್ಶಕ ಕಾಗದ ಇಟ್ಟು ಮುಖಪುಟದ ಗೆರೆಗಳನ್ನು ತೆಗೆದುಕೊಂಡ. ಚೌಕ ಹಾಕಿ ದೊಡ್ಡದು ಮಾಡಿದ. 1887ರಲ್ಲಿ ಸುಮಾರು ಒಂದು ಮೀಟರ್ ಎತ್ತರದ ಕ್ಯಾನ್ವಾಸ್ ಮೇಲೆ ತೈಲವರ್ಣದಲ್ಲಿ ಬರೆದ. ಸುತ್ತ ಬಿದಿರು, ಕೊಳ, ಕೊಕ್ಕರೆ, ಕಪ್ಪೆಗಳ ಅಂಚು ಸೇರಿಸಿದ. ಅದೂ ಸುಮ್ಮನೆ ಅಲ್ಲ. ಆ ಕಾಲದ ಫ್ರೆಂಚ್ ಆಡುಮಾತಿನಲ್ಲಿ ಕೊಕ್ಕರೆ, ಕಪ್ಪೆ ಅನ್ನೋ ಪದಗಳಿಗೆ ವೇಶ್ಯೆ ಅನ್ನೋ ಅರ್ಥವೂ ಇತ್ತು.

ಇದರಲ್ಲೊಂದು ಸ್ವಾರಸ್ಯ ಇದೆ. ಪತ್ರಿಕೆಯವರು ಅಚ್ಚು ಹಾಕುವಾಗ ಮೂಲ ಚಿತ್ರ ಎಡಬಲ ತಿರುಗುಮುರುಗಾಗಿತ್ತು. ವಿನ್ಸೆಂಟ್ ಬರೆದ ಗಣಿಕೆಯೂ ಅದೇ ತಿರುಗಿದ ದಿಕ್ಕಿಗೇ ನಿಂತಿದ್ದಾಳೆ. ಆತ ನೋಡಿ ಬರೆದದ್ದು ಪತ್ರಿಕೆಯ ಮುಖಪುಟವನ್ನೇ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಖಾಲಿ ಕುರ್ಚಿ

1888ರ ಫೆಬ್ರವರಿಯಲ್ಲಿ ವಿನ್ಸೆಂಟ್ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿಗೆ ಹೋದ. ಸೂರ್ಯಕಾಂತಿ, ಹಳದಿ ಮನೆ ಎಲ್ಲ ಅಲ್ಲಿಯವೇ. ಅಕ್ಟೋಬರ್‌ನಲ್ಲಿ ಗೆಳೆಯ ಪಾಲ್ ಗೋಗನ್ ಬಂದು ಜೊತೆಗಿದ್ದ. ಇಬ್ಬರ ನಡುವೆ ಬಿರುಕು ಕಾಣತೊಡಗಿದ ದಿನಗಳಲ್ಲಿ ವಿನ್ಸೆಂಟ್ ಎರಡು ಕುರ್ಚಿ ಬರೆದ. ಒಂದು ತನ್ನದು, ಹುಲ್ಲು ಹೆಣೆದ ಸಾದಾ ಕುರ್ಚಿ, ಮೇಲೆ ಪೈಪು, ಹೊಗೆಸೊಪ್ಪು. ಇನ್ನೊಂದು ಗೋಗನ್‌ನದು, ಕೈ ಇರುವ ಕುರ್ಚಿ, ಮೇಲೆ ಎರಡು ಪುಸ್ತಕ, ಉರಿಯುವ ಮೇಣದಬತ್ತಿ. ಎರಡೂ ಖಾಲಿ.

ಇದರ ಬೇರು ಗ್ರಾಫಿಕ್‌ನಲ್ಲಿದೆ ಅಂತ ಕಲಾ ಇತಿಹಾಸಕಾರರು ಹೇಳುತ್ತಾರೆ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1870ರ ಜೂನ್ 9ರಂದು ತೀರಿಕೊಂಡಾಗ ಆತನ ಕೊನೆಯ ಕಾದಂಬರಿಗೆ ಚಿತ್ರ ಬರೆಯುತ್ತಿದ್ದವನು ಇದೇ ಲೂಕ್ ಫಿಲ್ಡ್ಸ್. ಮನೆಯಿಲ್ಲದವರ ಆ ಚಿತ್ರ ನೋಡಿಯೇ ಡಿಕನ್ಸ್ ಈತನನ್ನು ಆರಿಸಿದ್ದ. ಡಿಕನ್ಸ್ ಇಲ್ಲದ ಓದುಕೋಣೆ, ಮೇಜಿನ ಮುಂದೆ ಹಿಂದಕ್ಕೆ ಸರಿದ ಖಾಲಿ ಕುರ್ಚಿ. ಫಿಲ್ಡ್ಸ್ ಬರೆದ ಆ ಚಿತ್ರ ಅದೇ ವರ್ಷದ ಗ್ರಾಫಿಕ್ ಕ್ರಿಸ್‌ಮಸ್ ಸಂಚಿಕೆಯಲ್ಲಿ ಬಂತು. ವಿನ್ಸೆಂಟ್‌ಗೆ ಅದು ಬಹಳ ಹಿಡಿಸಿದ ಚಿತ್ರ. ಮನುಷ್ಯನನ್ನು ಬರೆಯದೆ ಮನುಷ್ಯ ಹೋದದ್ದನ್ನು ಹೇಳೋದು ಹೇಗೆ ಅನ್ನೋದು ಅದರಲ್ಲಿತ್ತು.

1888ರ ಡಿಸೆಂಬರ್ 23ರ ರಾತ್ರಿ ಜಗಳ ವಿಪರೀತಕ್ಕೆ ಹೋಯಿತು. ಕಿವಿಯ ಘಟನೆ ನಡೆದದ್ದು ಆಗಲೇ. ಗೋಗನ್ ಊರು ಬಿಟ್ಟ. ಕುರ್ಚಿ ನಿಜಕ್ಕೂ ಖಾಲಿಯಾಯಿತು.

ಆಸ್ಪತ್ರೆ ಕೋಣೆಯಲ್ಲೂ ಜೊತೆಗಿದ್ದವು

1889ರ ಮೇ ತಿಂಗಳಲ್ಲಿ ವಿನ್ಸೆಂಟ್ ತಾನಾಗಿಯೇ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆ ಸೇರಿದ. ಒಂದು ವರ್ಷ ಅಲ್ಲಿದ್ದ. ಕಾಯಿಲೆ ಮರುಕಳಿಸಿದಾಗ ಹೊರಗೆ ಹೋಗೋ ಹಾಗಿರಲಿಲ್ಲ, ರೂಪದರ್ಶಿಗಳೂ ಸಿಗುತ್ತಿರಲಿಲ್ಲ. ಆಗ ನೆರವಾದದ್ದು ಮತ್ತೆ ಅಚ್ಚು ಚಿತ್ರಗಳೇ. ಥಿಯೋಗೆ ಬರೆದು ತರಿಸಿಕೊಂಡ. ಮಸಿಯ ಚಿತ್ರ ಮುಂದಿಟ್ಟುಕೊಂಡು ತನ್ನದೇ ಬಣ್ಣದಲ್ಲಿ ಹೊಸದಾಗಿ ಬರೆದ.

1890ರ ಫೆಬ್ರವರಿಯಲ್ಲಿ ಬರೆದ ಕೈದಿಗಳ ಚಿತ್ರ ಗುಸ್ತಾವ್ ಡೋರೆ ಲಂಡನ್ ಜೈಲಿನ ಬಗ್ಗೆ ಮಾಡಿದ ಅಚ್ಚು ಚಿತ್ರದ್ದು. ಎತ್ತರದ ಗೋಡೆಗಳ ನಡುವೆ ಕೈದಿಗಳು ಸುತ್ತು ಹಾಕುತ್ತಿದ್ದಾರೆ. ಮುಂದಿರುವ ಟೋಪಿಯಿಲ್ಲದ ಕೈದಿಯ ಮುಖ ವಿನ್ಸೆಂಟ್‌ನದ್ದೇ ಹೋಲುತ್ತೆ ಅಂತ ಅನೇಕರಿಗೆ ಅನ್ನಿಸಿದೆ. ಅದೇ ವರ್ಷ ಮೇನಲ್ಲಿ, ಹೇಗ್‌ನಲ್ಲಿ ಅಚ್ಚು ಹಾಕಿಸಿದ್ದ ತಲೆ ಹಿಡಿದು ಕೂತ ಮುದುಕನನ್ನು ಮತ್ತೆ ಬರೆದ. ಈ ಸಲ ಅಜ್ಜನಿಗೆ ನೀಲಿ ಬಟ್ಟೆ ತೊಡಿಸಿದ. ಎಂಟು ವರ್ಷದ ಹಿಂದಿನ ಕನಸು ಬಣ್ಣದಲ್ಲಿ ಎದ್ದು ಬಂದಿತ್ತು.

ಎರಡೇ ತಿಂಗಳು. 1890ರ ಜುಲೈ 27ರಂದು ಪ್ಯಾರಿಸ್ ಹತ್ತಿರದ ಓವೇರ್ ಹಳ್ಳಿಯಲ್ಲಿ ಗುಂಡು ತಗುಲಿ, 29ರಂದು ಕೊನೆಯುಸಿರೆಳೆದ. ವಯಸ್ಸು 37. ಆರು ತಿಂಗಳಲ್ಲಿ ಥಿಯೋ ಕೂಡ ತೀರಿಕೊಂಡ.

ಕಸವಾಗದೆ ಉಳಿದದ್ದು

ಉಳಿದವರು ಥಿಯೋನ ಹೆಂಡತಿ ಜೋ ಮತ್ತು ಒಂದು ವರ್ಷದ ಮಗು. ಯಾರೂ ಕೊಳ್ಳದ ಚಿತ್ರಗಳ ರಾಶಿ ಆಕೆಯ ಪಾಲಿಗೆ ಬಂತು. ಎಸೆಯಿರಿ ಅಂದವರೂ ಇದ್ದರು. ಆಕೆ ಎಸೆಯಲಿಲ್ಲ. ಪ್ರದರ್ಶನ ಮಾಡಿಸಿದಳು, ಅಣ್ಣ ತಮ್ಮಂದಿರ ಪತ್ರಗಳನ್ನು 1914ರಲ್ಲಿ ಪುಸ್ತಕವಾಗಿ ತಂದಳು. ಮಗ ದೊಡ್ಡವನಾಗಿ ಎಂಜಿನಿಯರ್ ಆದ. ಮನೆಯವರು ಕಾಪಾಡಿಕೊಂಡು ಬಂದ ಸಂಗ್ರಹಕ್ಕೆ ನೆಲೆ ಮಾಡಲು ಆತನೂ ಶ್ರಮಿಸಿದ. 1973ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು.

ಎಲ್ಲವೂ ಹೀಗೆ ಉಳಿಯಲಿಲ್ಲ. ನ್ಯೂನೆನ್ ಬಿಡುವಾಗ ವಿನ್ಸೆಂಟ್ ಮನೆಯಲ್ಲೇ ಬಿಟ್ಟುಹೋಗಿದ್ದ ಚಿತ್ರಗಳನ್ನು ಅಮ್ಮ ಬ್ರೆಡಾ ಊರಿಗೆ ಸಾಗಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಒಬ್ಬ ಬಡಗಿಯ ಬಳಿ ಇರಿಸಿದ್ದಳು. ಯಾರೂ ವಾಪಸ್ ಕೇಳಲಿಲ್ಲ. ವರ್ಷಗಳ ನಂತರ ಅವು ಪುಡಿಗಾಸಿಗೆ ಹಳೇ ಸಾಮಾನಿನ ವ್ಯಾಪಾರಿಯ ಪಾಲಾದವು. ಬೇರೆಯವರು ಬಿಸಾಡಿದ ಚಿತ್ರ ಹೆಕ್ಕಿ ಕಾಪಾಡಿದವನ ಸ್ವಂತ ಚಿತ್ರಗಳೇ ಗುಜರಿಗೆ ಹೋದವು.

ಆದರೆ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಆ ಹಾಳೆಗಳು ಮಾತ್ರ ಬಹುಪಾಲು ಉಳಿದವು. ಅವುಗಳನ್ನು ಬರೆದ, ಕೆತ್ತಿದ ಎಷ್ಟೋ ಕೈಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಅವರ ಕೆಲಸದ ಆಯಸ್ಸು ಒಂದು ವಾರ ಅಂತಲೇ ಜನ ಅಂದುಕೊಂಡಿದ್ದರು. ಸಾಲದ ದುಡ್ಡಲ್ಲಿ ಬದುಕುತ್ತಿದ್ದ ಒಬ್ಬ ಬಡ ಚಿತ್ರಕಾರ ಹಾಗೆ ಅಂದುಕೊಳ್ಳಲಿಲ್ಲ.

ಮ್ಯೂಸಿಯಂನಲ್ಲಿ ಆ ಗಣಿಕೆಯ ತೈಲಚಿತ್ರದ ಜೊತೆಗೆ, ಮುಖಪುಟದ ಮೇಲಿಟ್ಟು ಗೆರೆ ತೆಗೆದ ತೆಳು ಕಾಗದವೂ ಇದೆ. ಅದರ ಮೇಲೆ ಪೆನ್ಸಿಲ್ ಗೆರೆಗಳು ಇವತ್ತಿಗೂ ಕಾಣುತ್ತವೆ.